ಪದಗಳ ಒಡನಾಟ



ಮುಧೋಳ ಸೀಮೆಯ ರನ್ನ ಬೆಳಗಲಿಯಲ್ಲಿ ರೊಟ್ಟಿಯೂ ಖಡಕ್, ಚಹಾವೂ ಖಡಕ್. ಮಳೆ ಮಾತ್ರ ಜೋರು. ಅದನ್ನು ಯಾರೂ ಖಡಕ್ ಎನ್ನುವುದಿಲ್ಲ. ನಾವು ಬಟ್ಟೆ ಒಗೆಯುತ್ತೇವೆ, ಮುಖ ತೊಳೆಯುತ್ತೇವೆ, ಭಾಂಡೆ ತಿಕ್ಕುತ್ತೇವೆ. ಇದನ್ನು ನಿಮಗೆ ಯಾವ ವ್ಯಾಕರಣವೂ ಕಲಿಸಲಿಲ್ಲ. ಮನೆಯವರ ಮಾತು ಕೇಳಿ ಕೇಳಿ ಬಂತು.

ಇಂಗ್ಲಿಷಿನಲ್ಲಿಯೂ ಪದಗಳಿಗೆ ಇಂಥ ಒಡನಾಟವುಂಟು. ಚಹಾ 'ಸ್ಟ್ರಾಂಗ್', ಮಳೆ 'ಹೆವಿ'. ಕನ್ನಡದಲ್ಲಿ ತಪ್ಪನ್ನೂ ಮಾಡುತ್ತೇವೆ, ಮನೆಗೆಲಸವನ್ನೂ ಮಾಡುತ್ತೇವೆ. ಇಂಗ್ಲಿಷರು ಮನೆಗೆಲಸಕ್ಕೆ 'ಡೂ' ಎಂದರೆ ತಪ್ಪಿಗೆ 'ಮೇಕ್' ಎನ್ನುತ್ತಾರೆ. ಪದದ ಅರ್ಥ ಬಲ್ಲ ವಿದ್ಯಾರ್ಥಿಯೂ 'ಡೂ ಎ ಮಿಸ್ಟೇಕ್' ಎಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಅದು ಬುದ್ಧಿಯ ಕೊರತೆಯಲ್ಲ. ಪದವನ್ನು ಒಂಟಿಯಾಗಿ ಕಲಿತದ್ದರ ಫಲ.

ಯಾವ ಪದ ಯಾವುದರೊಡನೆ ಕೂಡಬೇಕೆಂಬ ಚಿಂತನೆ ನಮ್ಮಲ್ಲಿ ಹಳೆಯದು. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ'ವು ಕನ್ನಡ ಪದವನ್ನು ಸಂಸ್ಕೃತ ಪದದೊಡನೆ ಸಮಾಸ ಮಾಡುವುದನ್ನು ದೋಷವೆಂದಿತು. ರಾಜಕುಮಾರ ಸರಿ, ಅರಸುಕುಮಾರ ಎಂದರೆ ತೊಡಕು. ಇದೇ ಅರಿಸಮಾಸ. 993ರಲ್ಲಿ 'ಅಜಿತಪುರಾಣ' ರಚಿಸಿದ ರನ್ನನ ಹೆಸರಿನಲ್ಲಿ 'ರನ್ನಕಂದ'ವೆಂಬ ನಿಘಂಟೂ ಇದೆ. ಅದರ ಕೆಲವೇ ಪದ್ಯಗಳು ಉಳಿದಿವೆ. ನಿಘಂಟು ಅರ್ಥ ಹೇಳುತ್ತದೆ, ಒಡನಾಟವನ್ನು ಹೇಳುವುದು ಬಳಕೆ. ಹದಿಮೂರನೆಯ ಶತಮಾನದ ಕೇಶಿರಾಜ ಇದನ್ನು ಬಲ್ಲವನು. 'ಶಬ್ದಮಣಿದರ್ಪಣ'ದಲ್ಲಿ ಅರಿಸಮಾಸ ಸಲ್ಲದೆಂದು ವಿಧಿಸಿದರೂ, ಬಿರುದಾವಳಿಗಳಲ್ಲಿ ಮತ್ತು ಹಿಂದಿನ ಕವಿಗಳ ಪ್ರಯೋಗದಲ್ಲಿ ಬಂದದ್ದನ್ನು ಅವನು ಒಪ್ಪಿದನು. ನಿಯಮವು ಬಳಕೆಗೆ ದಾರಿ ಬಿಟ್ಟಿತು.

ಇಂಗ್ಲಿಷಿನ ಒಡನಾಟಗಳನ್ನು ಕಲಿಯುವವರಿಗಾಗಿ ಕ್ರಮಬದ್ಧವಾಗಿ ಕೂಡಿಹಾಕುವ ಕೆಲಸ ನಡೆದದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ! ಅಲ್ಲಿನ ಶಾಲೆಗಳ ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲು ಹೋಗಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಟೋಕಿಯೊದಲ್ಲಿ ಈ ಬಗೆಗೆ ವರದಿ ಪ್ರಕಟಿಸಿದರು. ಅಲ್ಲಿಯೇ ದುಡಿದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಬಂತು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ಪ್ರಕಟಿಸಿತು. ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ನೀವು ಕಾಣುವ 'ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ'ಯ ಮೂಲ ಅದೇ. 1919ರಿಂದ 1928ರವರೆಗೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜೆ.ಆರ್. ಫರ್ತ್, 1951ರಲ್ಲಿ ಪದದ ಅರ್ಥದಲ್ಲಿ ಅದರ ಒಡನಾಡಿಗಳಿಗೂ ಪಾಲಿದೆ ಎಂದು ಪ್ರತಿಪಾದಿಸಿದರು. 'ಕೊಲೊಕೇಶನ್' ಎಂಬ ಹೆಸರು ಭಾಷಾಶಾಸ್ತ್ರದಲ್ಲಿ ನೆಲೆಗೊಂಡಿತು.

ಗಮನಿಸಿ: ಹೊರಗಿನಿಂದ ಕಲಿಯುವವರ ತೊಡಕೇ ಈ ವಿದ್ಯೆಗೆ ಕಾರಣವಾಯಿತು. ಆದ್ದರಿಂದ ಹಳ್ಳಿಯ ಶಾಲೆಯಿಂದ ಬಂದ ನೀವು ಇಂಗ್ಲಿಷಿಗೆ ಅಂಜಬೇಕಿಲ್ಲ. ಹೊಸ ಪದ ಸಿಕ್ಕಾಗ ಅದನ್ನೊಂದನ್ನೇ ಬರೆದುಕೊಳ್ಳಬೇಡಿ. ಅದರ ಹಿಂದೆ ಮುಂದೆ ಬಂದ ಪದಗಳನ್ನೂ ಸೇರಿಸಿ ಬರೆಯಿರಿ, ಗಟ್ಟಿಯಾಗಿ ಓದಿ. ಕನ್ನಡವನ್ನು ನೀವು ಕಲಿತದ್ದೂ ಹೀಗೆಯೇ ಅಲ್ಲವೇ?