ಗುಲಗಂಜಿ

ಗುಲಗಂಜಿಯು ಫ್ಯಾಬೇಸೀ ಕುಟುಂಬಕ್ಕೆ ಸೇರಿದ, ಬೇಲಿ ಹಾಗೂ ಪೊದೆಗಳನ್ನು ಸುತ್ತಿಕೊಂಡು ಹಬ್ಬುವ ಬಹುವಾರ್ಷಿಕ ಬಳ್ಳಿ. ಬಲಿತಂತೆ ಇದರ ಬುಡ ಮರದಂತೆ ಗಟ್ಟಿಯಾಗುತ್ತದೆ. ಎಲೆ ಹುಣಸೆಯೆಲೆಯನ್ನು ಹೋಲುವ ಸಂಯುಕ್ತಪತ್ರ. ಒಣಗಿದ ಕಾಯಿ ಬಿರಿದಾಗ ಕಪ್ಪು ಮಚ್ಚೆಯುಳ್ಳ ಕೆಂಪು ಬೀಜಗಳು ಕಾಣುತ್ತವೆ. ಬಿಳಿ ಬೀಜದ ಬಗೆಯೂ ಉಂಟು.

ಸಂಸ್ಕೃತದಲ್ಲಿ ಇದು ಗುಂಜಾ. ಸಸ್ಯಶಾಸ್ತ್ರೀಯ ನಾಮ ಆಬ್ರಸ್ ಪ್ರಿಕಟೋರಿಯಸ್. ಇದರಲ್ಲಿ ಮೊದಲನೆಯದು ‘ಕೋಮಲ’ ಎಂಬರ್ಥದ ಗ್ರೀಕ್ ಪದದಿಂದಲೂ ಎರಡನೆಯದು ‘ಪ್ರಾರ್ಥಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೂ ಬಂದಿವೆ. ಬೀಜಗಳನ್ನು ಜಪಮಾಲೆಯಾಗಿ ಪೋಣಿಸುತ್ತಿದ್ದುದೇ ಇದಕ್ಕೆ ಕಾರಣ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದೂ ಇದರಿಂದಲೇ (96 ಗುಲಗಂಜಿಗೆ ಒಂದು ತೊಲ).

ಹೆಸರು ಕೋಮಲವಾದರೂ ಬೀಜದಲ್ಲಿ ಆಬ್ರಿನ್ ಎಂಬ ಮಾರಕ ವಿಷವಿದೆ. ಇಡಿಯಾಗಿ ನುಂಗಿದ ಬೀಜ ಗಟ್ಟಿ ಸಿಪ್ಪೆಯಿಂದಾಗಿ ಹಾಗೆಯೇ ಹೊರಹೋಗುವುದುಂಟು. ಅಗಿದಾಗ, ಅಥವಾ ಮಾಲೆಗೆಂದು ತೂತು ಕೊರೆದ ಬೀಜವನ್ನು ನುಂಗಿದಾಗ ಅಪಾಯ ಹೆಚ್ಚು. ಲಕ್ಷಣಗಳು ಹಲವು ಗಂಟೆಗಳ ನಂತರ ತೋರಬಹುದಾದ್ದರಿಂದ, ಮಕ್ಕಳು ಬೀಜ ತಿಂದದ್ದು ತಿಳಿದೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು.