ಅವಧಾನ ನಿಲ್ಲದ ಮಗುವೂ ಮನೆಯ ಶಿಕ್ಷಣವೂ: ಬನಹಟ್ಟಿಯ ನೇಕಾರಮನೆಯ ದೃಷ್ಟಿಯಿಂದ ಒಂದು ವಿವೇಚನೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ, ಕೂತಲ್ಲಿ ಕೂಡದ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ, ಪಾಟಿಯನ್ನು ಶಾಲೆಯಲ್ಲಿಯೂ ಚಪ್ಪಲಿಯನ್ನು ದಾರಿಯಲ್ಲಿಯೂ ಬಿಟ್ಟು ಬರುವ ಹುಡುಗನಿಗೆ ‘ಉಡಾಳ’ನೆಂಬ ಒಂದೇ ಬಿರುದು ತಲೆಮಾರುಗಳಿಂದ ಸಲ್ಲುತ್ತ ಬಂದಿದೆ, ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕೂಡುವ ಹುಡುಗಿಗಾದರೋ ಆ ಬಿರುದೂ ಇಲ್ಲದೆ, ಅವಳು ಯಾರ ಲಕ್ಷ್ಯಕ್ಕೂ ಬಾರದೆ ಹಿಂದುಳಿಯುತ್ತಾಳೆ. ಇಂದಿನ ವೈದ್ಯಶಾಸ್ತ್ರವು ಎಡಿಎಚ್‌ಡಿ ಎಂದು ಗುರುತಿಸುವ ಈ ಸ್ಥಿತಿಯ ಮಗುವನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಓದಿಸುವೆವೆಂದು ಹೊರಡುವ ತಾಯಿತಂದೆಗಳು, ಶಾಲೆಯನ್ನೇ ಪಡಸಾಲೆಗೆ ತಂದು ಹೂಡಿದರೆ ಫಲವಿಲ್ಲವೆಂಬದೂ, ಮಗುವಿನ ಕೃತಿಗೂ ಅದರ ಫಲಕ್ಕೂ ನಡುವೆ ಇರುವ ಕಾಲವನ್ನು ಕಿರಿದುಗೊಳಿಸಬಲ್ಲ ಮನೆಯೇ ಈ ಶಿಕ್ಷಣಕ್ಕೆ ಸಮರ್ಥವೆಂಬದೂ ಈ ಲೇಖನದ ಪ್ರತಿಪಾದ್ಯ.

ಈ ಚಾಂಚಲ್ಯವು ಮೊಬೈಲಿನ ಕಾಲದ ಸೃಷ್ಟಿಯೆಂಬ ಮಾತು ಸುಲಭವಾಗಿ ಕೇಳಬರುತ್ತದೆ, ಅದು ನಿಜವಲ್ಲ. ಸ್ಕಾಟ್ಲಂಡಿನ ವೈದ್ಯನಾದ ಅಲೆಕ್ಸಾಂಡರ್ ಕ್ರೈಟನ್ನನು 1798ರಲ್ಲಿಯೇ ಒಂದೇ ವಿಷಯದಲ್ಲಿ ಮನಸ್ಸು ನೆಲೆನಿಲ್ಲದ ಸ್ಥಿತಿಯನ್ನು ವರ್ಣಿಸಿದ್ದನು. 1902ರಲ್ಲಿ ಜಾರ್ಜ್ ಸ್ಟಿಲ್ಲನು ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಬುದ್ಧಿಯಲ್ಲಿ ಕುಂದಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ವೃತ್ತಾಂತಗಳನ್ನು ಮುಂದಿಟ್ಟನು. ಫಿಲಿಪ್ ಶಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಗಳ ಅಧ್ಯಯನವು, ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆಯ ವಯಸ್ಸಿಗೆ ಪರಮಾವಧಿಯ ದಪ್ಪವನ್ನು ಮುಟ್ಟುವ ಮಿದುಳಿನ ಹೊರಪದರವು ಈ ಮಕ್ಕಳಲ್ಲಿ ಹತ್ತೂವರೆಯ ಸುಮಾರಿಗೆ ಮುಟ್ಟುವದೆಂದು ತೋರಿಸಿತು. ಅಂದಮೇಲೆ, ಒಂಬತ್ತು ವರುಷದ ಮಗುವಿನಿಂದ ಒಂಬತ್ತು ವರುಷದ ಸಂಯಮವನ್ನು ಬೆತ್ತದ ಬಲದಿಂದ ಪಡೆಯಬಯಸುವದು ಅನ್ಯಾಯವಷ್ಟೇ ಅಲ್ಲ, ವ್ಯರ್ಥಪ್ರಯತ್ನವೂ ಹೌದು.

ರೋಗನಿರ್ಣಯದ ಒಂದು ನಿಯಮವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಕೈಪಿಡಿಯಂತೆ, ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಹನ್ನೆರಡನೆಯ ವಯಸ್ಸಿಗೆ ಮೊದಲೇ ಹಲವು ತೋರಿರಬೇಕು, ಎರಡು ಅಥವಾ ಹೆಚ್ಚು ಸನ್ನಿವೇಶಗಳಲ್ಲಿ ಕಾಣಬೇಕು. ಶಾಲೆಯಲ್ಲಿ ಮಾತ್ರ ಚಡಪಡಿಸಿ ಮನೆಯಲ್ಲಿಯೂ ಓಣಿಯಲ್ಲಿಯೂ ನೆಮ್ಮದಿಯಿಂದಿರುವ ಮಗುವಿನ ವಿಷಯದಲ್ಲಿ ಪರೀಕ್ಷೆಗೊಳಗಾಗತಕ್ಕದ್ದು ಪ್ರಾಯಶಃ ಶಾಲೆಯೇ. ನಿಜವಾದ ಎಡಿಎಚ್‌ಡಿಯಾದರೆ ಅದು ಮಗುವಿನ ಸಂಗಡ ಮನೆಗೂ ಬರುತ್ತದೆ. ಶಾಲೆ ಬಿಡಿಸಿದ ಮಾತ್ರಕ್ಕೆ ಹೋಗುವದಿಲ್ಲ.

ಇಷ್ಟಾಗಿಯೂ ಅದೇ ಮಗು ತನಗೆ ಹಿಡಿಸಿದ ಆಟದಲ್ಲಿ ಊಟದ ಹೊತ್ತನ್ನೂ ಮರೆಯುವದುಂಟು. ಇದನ್ನು ಕಂಡ ಹಿರಿಯರು ‘ಬೇಕಾದದ್ದು ಮಾತ್ರ ಮಾಡ್ತಾನ, ಎಲ್ಲಾ ಸೋಗು’ ಎಂದು ತೀರ್ಮಾನಿಸುತ್ತಾರೆ. ಅವಧಾನವು ಇಲ್ಲವೆಂಬದಲ್ಲ, ಅದರ ಲಗಾಮು ಮಗುವಿನ ಕೈಯಲ್ಲಿಲ್ಲವೆಂಬದು ಇಲ್ಲಿಯ ಸಂಗತಿ: ದೂರದ ಫಲವು ಆ ಮನಸ್ಸನ್ನು ಎಳೆಯಲಾರದು, ಸಮೀಪದ ಫಲವು ಬಲವಾಗಿ ಎಳೆಯುತ್ತದೆ. ವಾರ್ಷಿಕ ಪರೀಕ್ಷೆಯ ಭಯವಾಗಲಿ, ಎಂಟು ದಿನಗಳ ಮೇಲೆ ತಿದ್ದಿ ಬರುವ ವಹಿಯ ಕೆಂಪು ಗೆರೆಯಾಗಲಿ ಇಂಥ ಮಗುವಿಗೆ ಏನನ್ನೂ ಕಲಿಸದಿರುವದು ಈ ಕಾರಣದಿಂದಲೇ.

ಬನಹಟ್ಟಿಯ ನೇಕಾರಮನೆಯು ಪ್ರಸ್ತುತವಾಗುವದು ಇಲ್ಲಿಯೇ. ಕೈಮಗ್ಗದ ಮನೆಯಲ್ಲಿ, ಲಾಳಿಯೊಳಗೆ ಕೂಡಿಸುವ ನೂಲಿನ ಸುರುಳಿಯಾದ ಕಂಡಿಕೆಯನ್ನು ಸುತ್ತುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರ ಶಿಕ್ಷಣಗುಣವು ಹೊಳೆಯದಿರದು. ಬಲಗೈ ರಾಟಿಯನ್ನು ತಿರುವುತ್ತದೆ, ಎಡಗೈಯ ಬೆರಳುಗಳ ನಡುವೆ ನೂಲು ಹಾಯುತ್ತದೆ, ಕಂಡಿಕೆಯು ಕಣ್ಣೆದುರಿಗೇ ತುಂಬುತ್ತದೆ. ಮನಸ್ಸು ಅತ್ತಿತ್ತ ಹೋದೊಡನೆ ನೂಲು ಹರಿಯುತ್ತದೆ, ರಾಟಿ ಬರಿದೇ ಸುತ್ತುತ್ತದೆ, ಬೆರಳಿಗೆ ಎಳೆಯ ಸ್ಪರ್ಶ ತಪ್ಪುತ್ತದೆ. ಯಾರೂ ಬೈಯಬೇಕಾಗಿಲ್ಲ, ಹರಿದ ತುದಿಯನ್ನು ಹುಡುಕಿ ಹೊಸೆದು ಮುಂದುವರಿಯುವದಷ್ಟೇ ಉಳಿಯುತ್ತದೆ. ತಪ್ಪಿನ ಸುದ್ದಿಯು ತಪ್ಪಿದ ಕ್ಷಣದಲ್ಲಿಯೇ, ಅವಮಾನವಿಲ್ಲದೆ, ಬೆರಳಿಗೆ ಮುಟ್ಟುತ್ತದೆ. ಒಂದು ಕಂಡಿಕೆ ತುಂಬಿದೊಡನೆ ಕೆಲಸವೊಂದು ಮುಗಿದಂತಾಗಿ, ‘ತಮ್ಮಾ, ಇದೊಂದು ಆತಲ್ಲ, ಎದ್ದು ನೀರು ಕುಡದ ಬಾ’ ಎಂದು ತಾಯಿ ಹೇಳುವದಕ್ಕೆ ಸಹಜವಾದ ನಿಲುಗಡೆಯೂ ದೊರೆಯುತ್ತದೆ.

ಈ ಕ್ರಮವನ್ನೇ ಅಕ್ಷರಕ್ಕೂ ಅಂಕಿಗೂ ಅನ್ವಯಿಸಬಹುದು. ಹತ್ತಿಯ ನೂಲಿನ ನಂಬರೆಂದರೆ ಒಂದು ಪೌಂಡಿನಲ್ಲಿ 840 ಗಜದ ಲಡಿಗಳು ಎಷ್ಟು ಕೂಡುತ್ತವೆಂಬ ಲೆಕ್ಕ. ಆ 840 ಗಜವಾದರೂ 120 ಗಜದ ಏಳು ಭಾಗಗಳು. ನಲವತ್ತರ ನೂಲಾದರೆ ಒಂದು ಪೌಂಡಿಗೆ 33,600 ಗಜ. ಪುಸ್ತಕದ ಗುಣಾಕಾರವನ್ನು ಕಂಡು ಓಡುವ ಮಗು, ಕೈಯಲ್ಲಿ ಹಿಡಿದ ಲಡಿಯನ್ನು ಬಿಡಿಸಿದರೆ ಊರ ಯಾವ ಮೂಲೆಯವರೆಗೆ ಹೋದೀತೆಂಬ ಪ್ರಶ್ನೆಗೆ ನಿಂತು ಕೇಳೀತು. ಅಂಥ ಒಂದು ಲೆಕ್ಕ, ಅದರ ಉತ್ತರ ಆಗಲೇ ತಾಳೆನೋಡುವದು, ಆ ಮೇಲೆ ಅಂಗಳದಲ್ಲಿ ಒಂದು ಸುತ್ತು, ಹತ್ತು-ಹದಿನೈದು ನಿಮಿಷಗಳಿಗೆ ಮೀರದ ಪಾಠ, ಒಂದು ಸಲಕ್ಕೆ ಒಂದೇ ಆಜ್ಞೆ, ನಡೆದಾಡುತ್ತ ಮಗ್ಗಿ, ದಿನಚರಿಯನ್ನು ಗೋಡೆಗೆ ಬರೆದು ತೂಗುಹಾಕಿ, ಮುಗಿದುದನ್ನು ಮಗುವೇ ಗೀಟು ಹಾಕುವದು, ಮೆಚ್ಚುಗೆಯ ಮಾತನ್ನು ಸಂಜೆಗೆ ಕಾದಿರಿಸದೆ ಒಡನೆಯೇ ಆಡುವದು: ಮನೆಯ ಪಾಠದ ಕ್ರಮ ಇಷ್ಟೇ.

ಕಸುಬಿನ ಮೂಲಕ ಶಿಕ್ಷಣವೆಂಬದು ಹೊಸ ಕಲ್ಪನೆಯಲ್ಲ. 1937ರ ಅಕ್ಟೋಬರದಲ್ಲಿ ವಾರ್ಧಾದಲ್ಲಿ ಕೂಡಿದ ಪರಿಷತ್ತಿನಲ್ಲಿ ಗಾಂಧೀಜಿಯವರು ಮುಂದಿಟ್ಟು, ಝಾಕಿರ್ ಹುಸೇನರ ಸಮಿತಿಯು ರೂಪಕೊಟ್ಟ ಮೂಲಶಿಕ್ಷಣವು ನೂಲುವದು-ನೇಯುವದನ್ನೇ ಗಣಿತ, ಭಾಷೆ, ಭೂಗೋಲಗಳ ಕೇಂದ್ರವನ್ನಾಗಿಸಿಕೊಂಡಿತ್ತು. ಅದಕ್ಕೂ ಹಿಂದೆ ನಮ್ಮ ಗಾಂವಠಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಬರೆದುದು ತಪ್ಪಾದರೆ ಅಂಗೈಯಿಂದ ಒರೆಸಿ ಮತ್ತೆ ಬರೆಯುವ ಆ ಪದ್ಧತಿಯನ್ನು ಮದರಾಸಿನ ಕಡೆ ಕಂಡ ಆಂಡ್ರ್ಯೂ ಬೆಲ್ಲನು ಅದನ್ನು ತನ್ನ ಅನಾಥಾಲಯದಲ್ಲಿ ಆಚರಣೆಗೆ ತಂದು 1797ರಲ್ಲಿ ಇಂಗ್ಲಂಡಿನಲ್ಲಿ ಪ್ರಚುರಪಡಿಸಿದನು. ಅದೇ ಶಾಲೆಗಳ ಕ್ರೂರ ಶಿಕ್ಷೆಗಳನ್ನು ಮರೆತು ಅವನ್ನು ವೈಭವೀಕರಿಸುವದು ಸಲ್ಲದು. ಚಂಚಲ ಮಗುವೇ ಅವುಗಳಿಗೆ ಮೊದಲ ಬಲಿಯಾಗಿದ್ದಿರಬೇಕು.

ಇನ್ನೊಂದು ಎಚ್ಚರಿಕೆಯನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ಕಂಡಿಕೆಯು ಪಾಠದ ಉಪಕರಣವಾಗಿರುವವರೆಗೆ ಸರಿ. ಮಗು ಸುತ್ತಿದ ಕಂಡಿಕೆಯ ಮೇಲೆ ಆ ದಿನದ ಸೀರೆ ನಿಂತಿತೆಂದರೆ ಅದು ಶಿಕ್ಷಣವಲ್ಲ, ದುಡಿಮೆ. ವಿದ್ಯುನ್ಮಗ್ಗಗಳ ಕೋಣೆಯಂತೂ ಇಂಥ ಮಗುವಿಗೆ ಸರ್ವಥಾ ನಿಷಿದ್ಧವಾಗಬೇಕು: ಯೋಚನೆಗಿಂತ ಮೊದಲೇ ಕೈ ಚಾಚುವ ಸ್ವಭಾವಕ್ಕೂ, ಓಡುವ ಪಟ್ಟಿಗೂ, ಸಿಡಿಯುವ ಲಾಳಿಗೂ ಒಂದೇ ಸೂರು ತರವಲ್ಲ.

ಮನೆಯ ಪಾಠವು ಔಷಧಕ್ಕೆ ಪರ್ಯಾಯವೆಂದೂ ತಿಳಿಯಲಾಗದು. ಅಮೆರಿಕದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳು ಉಪಚರಿಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂಲಲಕ್ಷಣಗಳ ಮಟ್ಟಿಗೆ ಎಚ್ಚರದಿಂದ ಕೊಟ್ಟ ಔಷಧವು ಬರಿಯ ವರ್ತನಾಚಿಕಿತ್ಸೆಗಿಂತ ಮೇಲಾಯಿತು. ಧಾರವಾಡದ ಡಿಮ್ಹಾನ್ಸಿನಲ್ಲಾಗಲಿ ಬೆಂಗಳೂರಿನ ನಿಮ್ಹಾನ್ಸಿನಲ್ಲಾಗಲಿ ಮಗುವನ್ನು ತೋರಿಸಿದ ಮೇಲೆಯೇ ಶಾಲೆ ಬಿಡಿಸುವ ವಿಚಾರ ಮಾಡತಕ್ಕದ್ದು. ಸಲಹೆಗಾಗಿ ಟೆಲಿ-ಮಾನಸ್‌ನ 14416ಕ್ಕೆ ಮನೆಯಿಂದಲೇ ಕರೆಮಾಡಬಹುದು. ಈ ಎಲ್ಲ ಭಾರವು ನಮ್ಮ ಮನೆಗಳಲ್ಲಿ ತಾಯಿಯೊಬ್ಬಳ ಮೇಲೆಯೇ ಬೀಳುವದರಿಂದ, ದಿನದ ಅರ್ಧ ಪಾಠವನ್ನಾದರೂ ತಂದೆಯೋ ಆಯಿಯೋ ಹೊರದ ಮನೆಯಲ್ಲಿ ಈ ಕಾರ್ಯಕ್ಕೆ ಕೈಹಾಕದಿರುವದೇ ಲೇಸು.

ಕಾನೂನಿನ ಸ್ಥಿತಿಯು ಸಮಾಧಾನಕರವಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 10ನೆಯ ಕಲಮು ಆರರಿಂದ ಹದಿನಾಲ್ಕರವರೆಗಿನ ಮಗುವನ್ನು ನೆರೆಯ ಶಾಲೆಗೆ ಸೇರಿಸುವದನ್ನು ಪಾಲಕರ ಕರ್ತವ್ಯವೆಂದು ವಿಧಿಸುತ್ತದೆ. 2012ರ ತಿದ್ದುಪಡಿಯು ತೀವ್ರ ಹಾಗೂ ಬಹುವಿಧ ವೈಕಲ್ಯದ ಮಕ್ಕಳಿಗೆ ಮನೆಯಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕನ್ನು ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದು ವೈಕಲ್ಯಗಳಲ್ಲಿ ಕಲಿಕೆಯ ನಿರ್ದಿಷ್ಟ ನ್ಯೂನತೆಗೆ ಸ್ಥಾನವುಂಟು, ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಮೂರನೆಯ, ಐದನೆಯ, ಎಂಟನೆಯ ಇಯತ್ತೆಗಳಿಗೆ ಸಮನಾದ ಹಂತಗಳನ್ನೂ ಮುಂದೆ ಹತ್ತನೆಯದರ ಪರೀಕ್ಷೆಯನ್ನೂ ನಡೆಸುವದರಿಂದ ಮನೆಯಲ್ಲಿ ಕಲಿತ ಮಗುವಿಗೆ ಒಂದು ದಾರಿ ತೆರೆದಿದೆ. ಆದರೆ ಆ ದಾರಿಯಲ್ಲಿ ಮನೆಗೆ ಬಂದು ಕೈಹಿಡಿಯುವ ಶಿಕ್ಷಕರಿಲ್ಲ. ತೀವ್ರ ವೈಕಲ್ಯದ ಮಕ್ಕಳ ಮನೆಗೆ ಶಿಕ್ಷಕರನ್ನು ಕಳಿಸುವ ಸರಕಾರವು, ವೈದ್ಯರು ಲಿಖಿತವಾಗಿ ನಿರ್ಣಯಿಸಿದ ಎಡಿಎಚ್‌ಡಿಯ ಮಕ್ಕಳಿಗೂ ವಾರಕ್ಕೆ ಒಂದೆರಡು ಸಲವಾದರೂ ಅದೇ ಸೌಕರ್ಯವನ್ನು ವಿಸ್ತರಿಸಬೇಕು. ಶಾಲೆಯ ಹಾಜರಿಪಟ್ಟಿಯಿಂದ ಅವರ ಹೆಸರನ್ನು ತೆಗೆಯದೆ, ಅರ್ಧ ದಿನ ಶಾಲೆ, ಅರ್ಧ ದಿನ ಮನೆ ಎಂಬ ವ್ಯವಸ್ಥೆಗೆ ಅನುಮತಿ ಕೊಡಬೇಕು.