ಮರ್ಸೆನ್ ಪಟ್ಟಿಯ 67: ಅಚ್ಚಿನ ದೋಷವೇ?

2⁶¹−1, ಅಂದರೆ 2305843009213693951, ಅವಿಭಾಜ್ಯ ಸಂಖ್ಯೆಯೆಂದು 1883ರಲ್ಲಿ ತೋರಿಸಿದವರು ರಷ್ಯಾದ ಪಾದ್ರಿ ಇವಾನ್ ಪೆರ್ವುಶಿನ್. ಫ್ರಾನ್ಸಿನ ಮರಿನ್ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿರಲಿಲ್ಲ. 257ರವರೆಗೆ 2, 3, 5, 7, 13, 17, 19, 31, 67, 127, 257 ಘಾತಾಂಕವಾದಾಗ ಮಾತ್ರ ಇಂಥ ಅವಿಭಾಜ್ಯಗಳು ದೊರೆಯುತ್ತವೆಂದು ಅವರು ಬರೆದಿದ್ದರು. ಪಟ್ಟಿಯಲ್ಲಿ 67, 257 ಸಲ್ಲದವು. 61, 89, 107 ಬಿಟ್ಟುಹೋದವು. ಇದರಲ್ಲಿ ಈಗ ವಿವಾದವಿಲ್ಲ. 2⁶⁷−1 ಸಂಯುಕ್ತ ಸಂಖ್ಯೆಯೆಂದು 1876ರಲ್ಲಿ ಲ್ಯೂಕಾ ಕಂಡುಕೊಂಡರು. 1903ರಲ್ಲಿ ಕೋಲ್ ಅದನ್ನು 193707721 × 761838257287 ಎಂದು ಒಡೆದು ತೋರಿಸಿದರು.

ವಿವಾದ ಇರುವುದು ತಪ್ಪಿನ ಮೂಲದ ಬಗ್ಗೆ. 61 ಎಂದಿರಬೇಕಾದಲ್ಲಿ 67 ಎಂದು ಅಚ್ಚಾಯಿತು ಎಂಬ ಊಹೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಒಂದೇ ಅಂಕಿಯ ವ್ಯತ್ಯಾಸವಾದ್ದರಿಂದ ಅದು ಸುಲಭವಾಗಿ ಒಪ್ಪಿಗೆಯಾಗುತ್ತದೆ, ನನಗೆ ಒಪ್ಪಿಗೆಯಿಲ್ಲ.

1647ರ ಕೃತಿಯಲ್ಲಿ ಮರ್ಸೆನ್ ಒಂದು ನಿಯಮ ಹೇಳುತ್ತಾರೆ: 2ರ ಸಮಘಾತವೊಂದನ್ನು 3ರಷ್ಟು ಅಥವಾ ಅದಕ್ಕಿಂತ ಕಡಿಮೆ ಮೀರುವ ಅವಿಭಾಜ್ಯವು ಘಾತಾಂಕವಾಗಬಲ್ಲದು. ಅವರು ಕೊಡುವ ಉದಾಹರಣೆಗಳಲ್ಲೇ 67 ಇದೆ, 64+3 ಎಂದು ಬಿಡಿಸಿ. ಮೊಳೆ ಜೋಡಿಸುವವನ ಕೈತಪ್ಪು ಹೀಗೆ ಲೆಕ್ಕ ಬಿಡಿಸಿ ಸಮರ್ಥಿಸಿಕೊಳ್ಳುವುದಿಲ್ಲ. ಈ ನಿಯಮದಿಂದ 5, 7, 17, 19, 67, 257 ಬರುತ್ತವೆ (65, 259 ಸ್ವತಃ ಅವಿಭಾಜ್ಯಗಳಲ್ಲ). 2ರ ಶೂನ್ಯಘಾತವಾದ 1ನ್ನೂ ಸೇರಿಸಿಕೊಂಡರೆ 2, 3 ಕೂಡ. 31, 127ಕ್ಕೆ ಇನ್ನೊಂದು ನಿಯಮ ಬೇಕು: 2ರ ಘಾತಕ್ಕಿಂತ ಒಂದು ಕಡಿಮೆ. ಉಳಿಯುವುದು 13 ಒಂದೇ.

ವಾದದ ತೊಡಕು ಇರುವುದು ಇಲ್ಲೇ. 13 ಎಂದರೆ 16−3. ಕಳೆಯುವುದಕ್ಕೂ ಅವಕಾಶ ಕೊಟ್ಟರೆ 64−3, ಅಂದರೆ 61, ತಾನಾಗಿ ಒಳಬರುತ್ತದೆ; ಅಚ್ಚಿನ ದೋಷದ ಪಕ್ಷಕ್ಕೆ ಆಗ ಬಲ ಬರುತ್ತದೆ. ಆದರೆ 13ಕ್ಕೆ ನಿಯಮದ ಹಂಗೇ ಇರಲಿಲ್ಲ. 8191 ಅವಿಭಾಜ್ಯವೆಂಬುದು ಮರ್ಸೆನ್‌ಗಿಂತ ಮೊದಲೇ ತಿಳಿದಿತ್ತು. 17, 19ರ ಫಲಿತಾಂಶಗಳನ್ನೂ ಇಟಲಿಯ ಕಟಾಲ್ಡಿ 1603ರಲ್ಲೇ ಪ್ರಕಟಿಸಿದ್ದರು. ನಿಯಮವನ್ನು ನಂಬಿ ಮುಂದಿಟ್ಟ ಹೆಜ್ಜೆಗಳು, ನನ್ನ ತಿಳಿವಿನ ಮಟ್ಟಿಗೆ, 31, 67, 127, 257 ನಾಲ್ಕೇ. ಅವುಗಳಲ್ಲಿ ಯಾವುದಕ್ಕೂ 3ನ್ನು ಕಳೆಯಬೇಕಿಲ್ಲ. ಹಾಗಾದರೆ 61 ಬಿಟ್ಟುಹೋದದ್ದು ಮರೆವಿನಿಂದಲ್ಲ, ನಿಯಮ ಅದನ್ನು ಕಾಣಲೇ ಇಲ್ಲ. ಇನ್ನು 67ನ್ನು 61 ಎಂದು ತಿದ್ದಿಕೊಂಡರೂ 89, 107, 257ರ ತಪ್ಪುಗಳು ಇದ್ದಲ್ಲೇ ಇರುತ್ತವೆ.

ಪಟ್ಟಿಯ ಹಿಂದೆ ನಿಯಮವಿತ್ತೆಂಬ ಮಾತು ಹೊಸದಲ್ಲ. 1971ರಲ್ಲಿ ಸ್ಟಿಲ್‌ಮನ್ ಡ್ರೇಕ್ ಅದನ್ನು ಮಂಡಿಸಿದ್ದಾರೆ. ನಾನು ಒತ್ತು ಕೊಡುತ್ತಿರುವುದು ‘ಮೀರುವ’ ಎಂಬ ಷರತ್ತಿಗೆ. ಆದರೂ 1647ರ ಹೇಳಿಕೆ ಮೂರು ವರ್ಷ ತಡವಾದದ್ದು. ಅಚ್ಚಾದ 67ನ್ನು ನೋಡಿ ಮರ್ಸೆನ್ ಆಮೇಲೆ ನಿಯಮ ಹೆಣೆದಿರಬಹುದೆಂಬ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾರೆ. ಈ ನಿಯಮ ಅವರದೇ, ಅಥವಾ ಅವರೊಡನೆ ಪತ್ರವ್ಯವಹಾರವಿದ್ದ ಫ್ರೆನಿಕಲ್, ಫರ್ಮಾರಿಂದ ಬಂದದ್ದೇ ಎಂಬುದೂ ಇತ್ಯರ್ಥವಾಗಬೇಕು. 1644ಕ್ಕೆ ಮುಂಚಿನ ಪತ್ರವೊಂದರಲ್ಲಿ 61 ಎಂದು ಕಂಡುಬಂದರೆ ಇಲ್ಲಿನ ವಾದ ನಿಲ್ಲುವುದಿಲ್ಲ.